'ರಾಜಕೀಯ ಕೊಲೆ' ಎಂಬ ಸಮಾಸ: ಹೇತುವಿನ ವಾದಗಳ ವ್ಯಾಕರಣ ಕುರಿತು ಒಂದು ವಿಮರ್ಶೆ

ಸಾರಾಂಶ: ಕೊಲೆಯೊಂದು ರಾಜಕೀಯ ಹೇತುವಿನಿಂದ ನಡೆಯಿತೇ ಎಂಬ ಸಾರ್ವಜನಿಕ ವಾದಗಳಲ್ಲಿ ಕನ್ನಡದ ಕೆಲವು ವ್ಯಾಕರಣ ರೂಪಗಳು ಪ್ರಶ್ನೆಯನ್ನೇ ಮಸುಕುಗೊಳಿಸುತ್ತವೆ. ಎಂ. ಎಂ. ಕಲಬುರ್ಗಿ (2015) ಮತ್ತು ಗೌರಿ ಲಂಕೇಶ್ (2017) ಅವರ ಹತ್ಯೆಗಳ ಸುತ್ತ ಬೆಳೆದ ವಾದವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಸಮಾಸವನ್ನು ಬಿಡಿಸಿ ಪೂರ್ಣ ವಾಕ್ಯವಾಗಿಸುವುದು ವಾದದ ಪ್ರಾಮಾಣಿಕತೆಗೆ ಅಗತ್ಯವೆಂದು ಇಲ್ಲಿ ವಾದಿಸಲಾಗಿದೆ.

ಕೀಲಿಪದಗಳು: ಹೇತು, ಉದ್ದೇಶ, ಸಮಾಸ, ವಿಭಕ್ತಿ, ಉದ್ಧರಣೆ, ರಾಜಕೀಯ

1. ಪೀಠಿಕೆ

ಹೆಸರಾಂತ ವ್ಯಕ್ತಿಯೊಬ್ಬರ ಕೊಲೆಯಾದ ಮರುದಿನ ಕನ್ನಡದಲ್ಲಿ ಎರಡು ವಾಕ್ಯಗಳು ಒಟ್ಟಿಗೆ ಹುಟ್ಟುತ್ತವೆ.

(1) ಇದು ರಾಜಕೀಯ ಕೊಲೆ.
(2) ಈ ಸಾವಿನಲ್ಲಿ ರಾಜಕೀಯ ಮಾಡಬೇಡಿ.

ಮೇಲುನೋಟಕ್ಕೆ (2) ಎಂಬುದು (1)ರ ನಿರಾಕರಣೆಯಂತೆ ಕಾಣುತ್ತದೆ. ಎರಡನ್ನೂ ಬಿಡಿಸಿ ನೋಡಿದರೆ ಒಂದು ಇನ್ನೊಂದಕ್ಕೆ ಉತ್ತರವೇ ಅಲ್ಲ. ಮೊದಲನೆಯದು ಕೊಂದವರ ಮನಸ್ಸನ್ನು ಕುರಿತ ಹೇಳಿಕೆ; ಎರಡನೆಯದು ಬದುಕಿರುವವರ ನಡತೆಗೆ ಹಾಕಿದ ಕಟ್ಟಳೆ. ಎರಡೂ ಏಕಕಾಲಕ್ಕೆ ಸರಿಯಿರಬಹುದು, ಎರಡೂ ತಪ್ಪಿರಬಹುದು. ಆದರೂ ದಶಕದಿಂದ ನಮ್ಮ ಪತ್ರಿಕೆಗಳಲ್ಲಿ, ಸಭೆಗಳಲ್ಲಿ, ಶಾಸನಸಭೆಯಲ್ಲಿ ಇವೆರಡು ವಾಕ್ಯಗಳು ಪರಸ್ಪರ ಎದುರಾಳಿಗಳಂತೆ ಸೆಣಸಿವೆ. ಈ ಸೆಣಸಾಟಕ್ಕೆ ಪಕ್ಷಗಳ ಜಾಣತನವಷ್ಟೇ ಕಾರಣವಲ್ಲ, ಭಾಷೆಯೂ ಅವಕಾಶ ಮಾಡಿಕೊಟ್ಟಿದೆ ಎಂಬುದು ನಮ್ಮ ವಾದ. ಆ ಅವಕಾಶ ಎಲ್ಲಿದೆಯೆಂದು ತೋರಿಸುವುದು ಭಾಷಾವಿಜ್ಞಾನದ ಕೆಲಸ.

ನಮ್ಮ ಗಮನ ನಾವು ದಿನನಿತ್ಯ ಕೇಳುವ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಆಡುಮಾತು ಮತ್ತು ಈ ಸೀಮೆಯವರು ಓದುವ ಪತ್ರಿಕಾ ಕನ್ನಡ, ಇವೆರಡರ ಮೇಲಿದೆ. ಉದಾಹರಣೆಗಳಿಗೆ ಒಪ್ಪಿತತೆಯ ಗುರುತು ಹಾಕುವಾಗ ಈ ಸೀಮೆಯ ನುಡಿಗರಾಗಿ ನಮ್ಮ ಅರಿವನ್ನೇ ಆಧರಿಸಿದ್ದೇವೆ. ಚರ್ಚಿಸುವ ಎರಡು ಮುಖ್ಯ ಕೊಲೆಗಳು ನಡೆದದ್ದು ಧಾರವಾಡ ಮತ್ತು ಬೆಂಗಳೂರಿನಲ್ಲಿ. ಅವುಗಳ ಕುರಿತ ವಾದವಾದರೋ ಕನ್ನಡ ಓದಬಲ್ಲ ಎಲ್ಲ ಊರುಗಳಲ್ಲೂ ನಡೆಯಿತು.

2. 'ರಾಜಕೀಯ' ಪದದ ಮೂರು ಕೆಲಸಗಳು

ಸಂಸ್ಕೃತದಲ್ಲಿ ವಿಶೇಷಣವಾಗಿದ್ದ 'ರಾಜಕೀಯ' ಕನ್ನಡದಲ್ಲಿ ನಾಮಪದವೂ ಆಗಿದೆ. ನಾಮಪದವಾದ ಮೇಲೆ ಅದು 'ಮಾಡು' ಕ್ರಿಯಾಪದದೊಡನೆ ಕೂಡಿತು. ಕೂಡಿದಾಗ ಅದರ ಅರ್ಥ ಕೆಳಕ್ಕಿಳಿಯಿತು. ಹೊಳಲ್ಕೆರೆಯ ಸಂತೆಯಲ್ಲಾಗಲಿ ಹಿರಿಯೂರಿನ ಬಸ್ ನಿಲ್ದಾಣದಲ್ಲಾಗಲಿ 'ಅವ್ನು ರಾಜಕೀಯ ಮಾಡ್ತಾನೆ' ಎಂದರೆ ಅವನು ಚುನಾವಣೆಗೆ ನಿಂತಿದ್ದಾನೆ ಎಂದು ಯಾರೂ ತಿಳಿಯುವುದಿಲ್ಲ. ಒಳಗೊಂದು ಹೊರಗೊಂದು ಇಟ್ಟುಕೊಂಡವನು ಎಂದೇ ತಿಳಿಯುತ್ತಾರೆ. ಮನೆಯ ಪಾಲಿನ ಜಗಳದಲ್ಲೂ ಈ ಮಾತು ಸಲ್ಲುತ್ತದೆ. 'ರಾಜಕಾರಣ' ಎಂಬ ಜೊತೆಪದಕ್ಕೆ ಈ ಹೊರೆ ಅಷ್ಟಾಗಿ ತಟ್ಟಿಲ್ಲ. ಹೀಗಾಗಿ 'ರಾಜಕೀಯ' ಇಂದು ಕನಿಷ್ಠ ಮೂರು ಕೆಲಸ ಮಾಡುತ್ತದೆ: ಪಕ್ಷ ಮತ್ತು ಅಧಿಕಾರಕ್ಕೆ ಸಂಬಂಧಿಸಿದ್ದು, ಸಮಾಜ ಹೇಗಿರಬೇಕೆಂಬ ವಿಚಾರಕ್ಕೆ ಸಂಬಂಧಿಸಿದ್ದು, ಸ್ವಂತ ಲಾಭಕ್ಕಾಗಿ ಹೂಡಿದ ಕಪಟ.

'ರಾಜಕೀಯ ಕೊಲೆ' ಎಂಬಲ್ಲಿ ಈ ಮೂರರಲ್ಲಿ ಯಾವುದು ಎಂಬುದನ್ನು ಸಮಾಸ ಹೇಳುವುದಿಲ್ಲ. ಎರಡು ಪದಗಳ ನಡುವಿನ ಸಂಬಂಧವನ್ನು ಹೇಳದೆ ಉಳಿಸುವುದು ಸಮಾಸದ ಸ್ವಭಾವ. 'ಮರಗಾಲು' ಮರದಿಂದ ಮಾಡಿದ ಕಾಲು, 'ಹಗಲುಗನಸು' ಹಗಲಲ್ಲಿ ಕಂಡ ಕನಸು ಎಂದು ಲೋಕಜ್ಞಾನ ನಮಗೆ ಕಲಿಸಿದೆ. 'ರಾಜಕೀಯ ಕೊಲೆ'ಯ ವಿಷಯದಲ್ಲಿ ಅಂಥ ಒಮ್ಮತದ ಲೋಕಜ್ಞಾನ ಇಲ್ಲ. ರಾಜಕಾರಣಿ ಮಾಡಿಸಿದ ಕೊಲೆಯೇ, ರಾಜಕಾರಣಿಯ ಕೊಲೆಯೇ, ವಿಚಾರಕ್ಕಾಗಿ ನಡೆದ ಕೊಲೆಯೇ ಎಂಬುದನ್ನು ಕೇಳುಗ ತನ್ನ ಒಲವಿನಂತೆ ತುಂಬಿಕೊಳ್ಳುತ್ತಾನೆ. ಒಬ್ಬರು ಎರಡನೆಯ ಅರ್ಥದಲ್ಲಿ ಹೇಳಿದ್ದನ್ನು ಇನ್ನೊಬ್ಬರು ಮೊದಲನೆಯ ಅರ್ಥದಲ್ಲಿ ಅಲ್ಲಗಳೆಯುತ್ತಾರೆ: 'ಯಾವ ಪಕ್ಷದವರೂ ಮಾಡಿಸಿಲ್ಲ, ಆದ್ದರಿಂದ ರಾಜಕೀಯವಲ್ಲ'.

'ರಾಜಕೀಯ ಪ್ರೇರಿತ' ಎಂಬ ಪದಪುಂಜ ಇನ್ನೂ ತೊಡಕಿನದು. ಪತ್ರಿಕಾ ಕನ್ನಡದಲ್ಲಿ ಅದು ಹೆಚ್ಚಾಗಿ ಅಂಟಿಕೊಳ್ಳುವುದು ದೂರು, ಆರೋಪ, ಪ್ರತಿಭಟನೆ ಎಂಬ ಪದಗಳಿಗೆ. 'ಈ ದೂರು ರಾಜಕೀಯ ಪ್ರೇರಿತ' ಎಂದರೆ ದೂರು ಸುಳ್ಳು ಎಂದರ್ಥ. ಆದ್ದರಿಂದ 'ರಾಜಕೀಯ ಪ್ರೇರಿತ ಕೊಲೆ ಎಂಬ ಆರೋಪ ರಾಜಕೀಯ ಪ್ರೇರಿತ' ಎಂಬ ವಾಕ್ಯ ಕನ್ನಡದಲ್ಲಿ ತಡೆಯಿಲ್ಲದೆ ಸಲ್ಲುತ್ತದೆ. ಒಂದೇ ವಿಶೇಷಣ ಒಂದೆಡೆ ಹೇತುವನ್ನು ಹೆಸರಿಸುತ್ತದೆ, ಇನ್ನೊಂದೆಡೆ ಹೇಳಿಕೆಯನ್ನು ಅಳಿಸುತ್ತದೆ.

ಈ ಸೀಮೆಯ ಆಡುಮಾತು ಇಲ್ಲಿ ಪತ್ರಿಕಾ ಭಾಷೆಗಿಂತ ನಿಖರ. ಊರೊಳಗಿನ ಎರಡು ಬಣಗಳ ಹೊಡೆದಾಟಕ್ಕೆ ಜನ 'ಪಾರ್ಟಿ ಗಲಾಟೆ' ಎನ್ನುತ್ತಾರೆ. ಅಲ್ಲಿ 'ಪಾರ್ಟಿ' ಎಂದರೆ ನೋಂದಾಯಿತ ಪಕ್ಷವೇ ಆಗಬೇಕಿಲ್ಲ. ಊರಿನ ಒಂದು ಕಡೆಯವರು, ಅಷ್ಟೆ. ಬಣಕ್ಕೂ ಪಕ್ಷಕ್ಕೂ ವಿಚಾರಕ್ಕೂ ಇರುವ ಅಂತರ ಮಾತಾಡುವವರಿಗೆ ಗೊತ್ತಿದೆ. ಅಚ್ಚಿಗೆ ಬರುವಾಗ ಮೂರೂ 'ರಾಜಕೀಯ ದ್ವೇಷ'ದಲ್ಲಿ ಕರಗುತ್ತವೆ.

3. ಕಾರಣ, ಉದ್ದೇಶ, ಹಿನ್ನೆಲೆ

ಹೇತುವನ್ನು ಹೇಳಲು ಕನ್ನಡದಲ್ಲಿ ಹಲವು ದಾರಿಗಳಿವೆ. ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಕನ್ನಡದ ಮೇಲೆ ಹೊರಿಸಬಾರದೆಂಬ ಡಿ. ಎನ್. ಶಂಕರ ಭಟ್ಟರ ಎಚ್ಚರಿಕೆಯನ್ನು ನೆನೆದು, ಇಲ್ಲಿ ಪ್ರಯೋಗಗಳಿಂದಲೇ ಹೊರಡುತ್ತೇವೆ.

(3) ಮಳೆ ಬಂದದ್ದರಿಂದ ಕೆರೆ ತುಂಬಿತು.
(4) ಮಳೆ ಬಂದಿದ್ದಕ್ಕೆ ಕೆರೆ ತುಂಬ್ತು.
(5) ? ಮಳೆ ಬಂದದ್ದಕ್ಕಾಗಿ ಕೆರೆ ತುಂಬಿತು.
(6) ಬರೆದದ್ದಕ್ಕಾಗಿ ಕೊಂದರು.
(7) ಮುಂದೆ ಬರೆಯದಂತೆ ಮಾಡಲು ಕೊಂದರು.

'-ಇಂದ' ಪ್ರತ್ಯಯಕ್ಕೆ ಮನಸ್ಸು ಬೇಕಿಲ್ಲ; ಮಳೆಯೂ ಕಾರಣವಾಗಬಲ್ಲದು. '-ಕ್ಕೆ' ಈ ಸೀಮೆಯ ಆಡುಮಾತಿನಲ್ಲಿ ಎರಡೂ ಕಡೆ ಸಲ್ಲುತ್ತದೆ. '-ಕ್ಕಾಗಿ' ಎಂಬುದು ಮಾತ್ರ ಕರ್ತೃವಿಗೊಂದು ಮನಸ್ಸಿರಬೇಕೆಂದು ಕೇಳುತ್ತದೆ. (5) ಕಿವಿಗೆ ಒರಟಾಗುವುದು ಕೆರೆಗೆ ಮನಸ್ಸಿಲ್ಲದ ಕಾರಣ. (6) ಮತ್ತು (7)ರ ನಡುವೆಯೂ ಅಂತರವಿದೆ. (6) ಹಿಂದೆ ನಡೆದದ್ದಕ್ಕೆ ಶಿಕ್ಷೆ. (7) ಮುಂದೆ ನಡೆಯಬಹುದಾದದ್ದಕ್ಕೆ ತಡೆ. ಹೇತುವನ್ನು ಕುರಿತು ಪ್ರಾಮಾಣಿಕವಾಗಿ ಮಾತಾಡುವವರು ಈ ಮೂರು ರೂಪಗಳಲ್ಲಿ ಒಂದನ್ನು ಆರಿಸಿ, ಅದರ ಹೊಣೆ ಹೊರಬೇಕಾಗುತ್ತದೆ.

ಆ ಹೊಣೆಯಿಂದ ಪಾರಾಗಲು ಪತ್ರಿಕಾ ಕನ್ನಡ ಒಂದು ಉಪಾಯ ಕಂಡುಕೊಂಡಿದೆ.

(8) ವಾಣಿವಿಲಾಸ ಸಾಗರ ತುಂಬಿದ ಹಿನ್ನೆಲೆಯಲ್ಲಿ ಬಾಗಿನ ಅರ್ಪಿಸಲಾಯಿತು.
(9) ಹಳೆಯ ವೈಷಮ್ಯದ ಹಿನ್ನೆಲೆಯಲ್ಲಿ ಯುವಕನ ಕೊಲೆ.

ನೆಲೆಯ ಹಿಂಬದಿಯನ್ನು ಸೂಚಿಸುತ್ತಿದ್ದ 'ಹಿನ್ನೆಲೆ' ಸಪ್ತಮಿಯೊಡನೆ ಸೇರಿ ಈಗ ಕಾರಣಸೂಚಕ ಅವ್ಯಯದಂತೆ ನಡೆಯುತ್ತಿದೆ. ಇದು ವ್ಯಾಕರಣೀಕರಣದ ಒಳ್ಳೆಯ ನಿದರ್ಶನ. (8)ರಲ್ಲಿ ಅದರಿಂದ ಹಾನಿಯಿಲ್ಲ. (9)ರಲ್ಲಿ ವೈಷಮ್ಯ ಕಾರಣವೋ ಸಂದರ್ಭವೋ ಉದ್ದೇಶವೋ ಎಂಬುದು ತಿಳಿಯದೆ ಹೋಗುತ್ತದೆ. ಓದುಗನಿಗೆ ಮಾತ್ರ ಉತ್ತರ ಸಿಕ್ಕಿದಂತೆ ಅನ್ನಿಸುತ್ತದೆ. 'ಕ್ಷುಲ್ಲಕ ಕಾರಣಕ್ಕೆ ಕೊಲೆ' ಎಂಬ ಶೀರ್ಷಿಕೆಯೂ ಇದೇ ಜಾತಿಯದು: ಕಾರಣ ಯಾವುದೆಂದು ಹೇಳುವ ಮೊದಲೇ ಅದರ ತೂಕ ಹೇಳಿಬಿಡುತ್ತದೆ.

ಇದಕ್ಕೆ ಜೊತೆಯಾಗಿ 'ಆಗು' ಕ್ರಿಯಾಪದವಿದೆ. 'ಅವರು ಕೊಲೆಯಾದರು' ಎಂಬಲ್ಲಿ ಸತ್ತವರೇ ಕರ್ತೃಸ್ಥಾನದಲ್ಲಿ ನಿಲ್ಲುತ್ತಾರೆ. 'ಅವರು ಅಧ್ಯಕ್ಷರಾದರು' ಎಂಬುದಕ್ಕೂ ಅದಕ್ಕೂ ಹೊರರಚನೆಯಲ್ಲಿ ಭೇದವಿಲ್ಲ. ಕೊಂದವರಿಗೆ ವಾಕ್ಯದಲ್ಲಿ ಜಾಗವೇ ಇಲ್ಲ. ಜಾಗ ಕೊಡಲೇಬೇಕಾದಾಗ 'ಅಪರಿಚಿತ ದುಷ್ಕರ್ಮಿಗಳು' ಬರುತ್ತಾರೆ. ಮೊದಲ ದಿನ ಇದು ನ್ಯಾಯವಾದ ಎಚ್ಚರಿಕೆ. ವರ್ಷಗಳ ಮೇಲೂ ಅದೇ ರಚನೆ ಉಳಿದರೆ ಅದು ಎಚ್ಚರಿಕೆಯಾಗಿ ಉಳಿದಿರುವುದಿಲ್ಲ.

4. ಒಂದು ಉದ್ಧರಣೆ, ಎರಡು ಕೊಲೆಗಳು

2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಶಾಸನ, ವಚನ, ಹಸ್ತಪ್ರತಿಗಳ ವಿದ್ವಾಂಸರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. 'ಮಾರ್ಗ 4' ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಪಾಠಾಂತರಗಳನ್ನು ಹೋಲಿಸಿ ಅರ್ಥ ನಿರ್ಣಯಿಸುವುದು ಅವರ ವೃತ್ತಿ, ನಮ್ಮದೂ ಅದರ ನೆರೆಯ ವೃತ್ತಿ. ಆರಂಭದ ದಿನಗಳಲ್ಲಿ ಕೌಟುಂಬಿಕ, ಆಸ್ತಿಸಂಬಂಧಿ ಕಾರಣಗಳ ಮಾತೂ ಕೇಳಿಬಂತು. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತನಿಖೆಯನ್ನು ಗೌರಿ ಪ್ರಕರಣದ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಹತ್ಯೆಯ ಹೇತುವಾಗಿ ತಂಡ ಬೊಟ್ಟು ಮಾಡಿದ್ದು 2014ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅವರು ಆಡಿದ ಮಾತುಗಳ ಕಡೆಗೆ.

ಭಾಷಾವಿಜ್ಞಾನಿ ಇಲ್ಲಿ ನಿಲ್ಲಲೇಬೇಕು. ಮೌಢ್ಯ ನಿಷೇಧದ ಚರ್ಚೆಯ ಆ ಸಭೆಯಲ್ಲಿ ಕಲಬುರ್ಗಿಯವರು ಯು. ಆರ್. ಅನಂತಮೂರ್ತಿಯವರ 'ಬೆತ್ತಲೆ ಪೂಜೆ ಯಾಕೆ ಕೂಡದು' ಪುಸ್ತಕದ ಬಾಲ್ಯಪ್ರಸಂಗವೊಂದನ್ನು ಉಲ್ಲೇಖಿಸಿದ್ದರು. ದೇವರ ಕಲ್ಲಿಗೆ ಅಪಚಾರ ಮಾಡಿದರೆ ಏನಾಗುತ್ತದೆ ಎಂದು ಹುಡುಗನೊಬ್ಬ ಪರೀಕ್ಷಿಸಿದ ಪ್ರಸಂಗವದು. ಇನ್ನೊಬ್ಬರ ಮಾತನ್ನು ಒಳಗೊಳ್ಳಲು ಕನ್ನಡಕ್ಕೆ 'ಎಂದು', 'ಅಂತ' ಎಂಬ ಸ್ಪಷ್ಟ ಗುರುತುಗಳಿವೆ. ಕೇಳಿದ ಮಾತೆಂದು ಸೂಚಿಸಲು 'ಅಂತೆ' ಇದೆ. ವಿವಾದ ಹಬ್ಬುತ್ತ ಹೋದಂತೆ ಆ ಗುರುತು ಕಳಚಿಬಿತ್ತು. ಉಲ್ಲೇಖಿಸಿದವರೇ ಹೇಳಿದವರಾದರು. ಉದ್ಧರಿಸುವುದಕ್ಕೂ ಸ್ವತಃ ಪ್ರತಿಪಾದಿಸುವುದಕ್ಕೂ ಇರುವ ಅಂತರವನ್ನು ನಾವು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಕಲಬುರ್ಗಿಯವರು ಆ ಪ್ರಸಂಗವನ್ನು ತಮ್ಮ ವಾದಕ್ಕೆ ಬಳಸಿಕೊಂಡಿದ್ದರು ಎಂಬುದೂ ನಿಜ. ಅದನ್ನು ಒಪ್ಪದಿರುವ ಹಕ್ಕು ಕೇಳುಗರಿಗಿತ್ತು. ಆದರೆ ಒಪ್ಪದಿರಲು ಕೂಡ ಮೊದಲು ಯಾರ ಮಾತು ಯಾರದೆಂದು ತಿಳಿದಿರಬೇಕು.

2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಕಚೇರಿಯಿಂದ ಮರಳಿ ಮನೆಯ ಬಾಗಿಲಿಗೆ ಬಂದಿದ್ದ ಗೌರಿ ಲಂಕೇಶ್ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಮರುದಿನವೇ ವಿಶೇಷ ತನಿಖಾ ತಂಡ ರಚನೆಯಾಯಿತು. ಮೊದಲ ವಾರಗಳಲ್ಲಿ ಮೂರು ಊಹೆಗಳು ಸುತ್ತಾಡಿದವು: ವೈಯಕ್ತಿಕ ದ್ವೇಷ, ನಕ್ಸಲರ ಕೈವಾಡ, ಬಲಪಂಥೀಯ ಗುಂಪಿನ ಸಂಚು. 2018ರ ಮೇ ತಿಂಗಳಲ್ಲಿ ಮೊದಲ ಆರೋಪಪಟ್ಟಿ, ನವೆಂಬರ್‌ನಲ್ಲಿ 9,235 ಪುಟಗಳ ಹೆಚ್ಚುವರಿ ಆರೋಪಪಟ್ಟಿ ಸಲ್ಲಿಕೆಯಾದವು. ಆರೋಪಿಗಳು 18 ಮಂದಿ. ಆರೋಪಿಗಳಿಗೂ ಮೃತರಿಗೂ ವೈಯಕ್ತಿಕ ಹಗೆ ಇರಲಿಲ್ಲ, ಅವರು ನಂಬಿದ, ಬರೆದ, ಆಡಿದ ವಿಚಾರಕ್ಕಾಗಿಯೇ ಅವರನ್ನು ಆರಿಸಿಕೊಳ್ಳಲಾಯಿತು ಎಂಬುದು ತಂಡದ ವಾದ. ಎರಡೂ ಕೊಲೆಗಳಲ್ಲಿ ಒಂದೇ ನಾಡಪಿಸ್ತೂಲು ಬಳಕೆಯಾಗಿದೆ ಎಂಬ ವಿಧಿವಿಜ್ಞಾನ ವರದಿಯನ್ನೂ ಅದು ಮುಂದಿಟ್ಟಿತು. ಗೌರಿ ಪ್ರಕರಣದ ವಿಚಾರಣೆ 2022ರ ಜುಲೈಯಲ್ಲಿ ಆರಂಭವಾಯಿತು. ಆರೋಪಪಟ್ಟಿಯ ವಾದ ತೀರ್ಪಲ್ಲ. ಈ ಲೇಖನದಲ್ಲೂ ಅದನ್ನು 'ಎಂಬುದು ತಂಡದ ವಾದ' ಎಂಬ ಗುರುತಿನೊಡನೆಯೇ ಬಳಸಿದ್ದೇವೆ.

ತನಿಖಾ ತಂಡದ ನಿರೂಪಣೆಯಲ್ಲಿ ಒಂದು ಪದ ನಮ್ಮ ಗಮನ ಸೆಳೆಯುತ್ತದೆ. ಆ ಗುಂಪು ತಾನು ಗುರಿಯಾಗಿಸಿದವರನ್ನು 'ದುರ್ಜನ' ಎಂಬ ಹೆಸರಿನಡಿ ಎಣಿಸಿತ್ತು ಎಂದು ಅದು ಹೇಳುತ್ತದೆ. ಕನ್ನಡದಲ್ಲಿ ಕೊಲೆ, ಹತ್ಯೆ, ವಧೆ ಎಂಬ ಮೂರು ಪದಗಳು ಒಂದೇ ಕ್ರಿಯೆಗೆ ಮೂರು ತೀರ್ಪು ಕೊಡುತ್ತವೆ. 'ವಧೆ'ಗೆ ಕರ್ಮವಾಗುವವನು ಕೀಚಕ, ಬಕಾಸುರ; ಅಲ್ಲಿ ಕೊಂದವನು ಅಪರಾಧಿಯಲ್ಲ. ವ್ಯಕ್ತಿಯನ್ನು 'ದುರ್ಜನ'ರ ಪಟ್ಟಿಗೆ ಸೇರಿಸುವುದೆಂದರೆ ಕೊಲೆಯನ್ನು ವಧೆಯಾಗಿ ಓದಿಕೊಳ್ಳಲು ಬೇಕಾದ ಪದಕೋಶವನ್ನು ಮುಂಚಿತವಾಗಿ ಸಿದ್ಧಪಡಿಸುವುದು. ತಂಡದ ಈ ಹೇಳಿಕೆ ಸಾಬೀತಾದರೆ, ಹೇತು ಎಲ್ಲಿತ್ತು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಭಾಷಿಕ ಸಾಕ್ಷ್ಯ ಬೇಕಾಗದು.

5. ವಾಕ್ಯ ಬಿಡಿಸುವ ಪರೀಕ್ಷೆ

ಆದ್ದರಿಂದ ನಮ್ಮ ಸಲಹೆ ಸರಳವಾದದ್ದು. 'ರಾಜಕೀಯ ಕೊಲೆ' ಎಂದವರೂ ಅಲ್ಲವೆಂದವರೂ ಸಮಾಸ ಬಿಡಿಸಿ ನಾಲ್ಕು ಸ್ಥಾನಗಳನ್ನು ತುಂಬಲಿ: ಯಾರು, ಯಾರನ್ನು, ಯಾವುದಕ್ಕಾಗಿ, ಯಾರಿಗೆ ಕೇಳಿಸಲೆಂದು. ಗೊತ್ತಿಲ್ಲದ ಸ್ಥಾನವನ್ನು ಖಾಲಿ ಬಿಡಲಿ. ಕೊನೆಯ ಸ್ಥಾನ ಎಲ್ಲ ಕೊಲೆಗಳಿಗೂ ಇರುವುದಿಲ್ಲ. ಹೊಲದ ಬದುವಿನ ಜಗಳದಲ್ಲಿ ಒಬ್ಬ ಸತ್ತರೆ ಆ ಕೊಲೆ ಮೂರನೆಯವರೊಡನೆ ಮಾತಾಡುವುದಿಲ್ಲ. ಬರೆದವರನ್ನು ಬರೆದದ್ದಕ್ಕಾಗಿ ಕೊಂದಾಗ ಅದು ಬರೆಯುವ ಉಳಿದವರನ್ನು ಉದ್ದೇಶಿಸಿ ಆಡಿದ ಮಾತೂ ಆಗುತ್ತದೆ.

ಈ ಪರೀಕ್ಷೆ ಯಾವುದೇ ಕಡೆಯವರಿಗೆ ರಿಯಾಯಿತಿ ಕೊಡಬಾರದು. 2017ರ ಜುಲೈಯಲ್ಲಿ ಕರ್ನಾಟಕದ ಸಂಸದರೊಬ್ಬರು ಕೇಂದ್ರ ಗೃಹ ಸಚಿವರಿಗೆ, ಹತ್ಯೆಗೀಡಾದ ಸಂಘಟನೆಗಳ ಕಾರ್ಯಕರ್ತರೆಂದು 23 ಹೆಸರುಗಳ ಪಟ್ಟಿ ಕಳುಹಿಸಿದರು. ಪಟ್ಟಿಯ ಮೊದಲ ಹೆಸರಿನವರು ಬದುಕಿದ್ದರೆಂಬುದು ಬಳಿಕ ವರದಿಯಾಯಿತು. ಪಟ್ಟಿ ಎಂಬುದು ಸಮಾಸಕ್ಕಿಂತಲೂ ಮುಂದುವರಿದ ಮೌನ. ಅಲ್ಲಿ ಕ್ರಿಯಾಪದವೇ ಇಲ್ಲ. ಹಾಗೆಂದು ಆ ಕಡೆಯ ಸಾವುಗಳೆಲ್ಲ ವೈಯಕ್ತಿಕವೆಂದು ತಳ್ಳಿಹಾಕುವುದೂ ಅಷ್ಟೇ ದೊಡ್ಡ ತಪ್ಪು. 2022ರ ಜುಲೈ 26ರಂದು ದಕ್ಷಿಣ ಕನ್ನಡದ ಬೆಳ್ಳಾರೆಯಲ್ಲಿ ಪ್ರವೀಣ್ ನೆಟ್ಟಾರು ಅವರ ಕೊಲೆ ನಡೆಯಿತು. ಸಮುದಾಯವೊಂದರಲ್ಲಿ ಭಯ ಬಿತ್ತುವುದೇ ಅದರ ಉದ್ದೇಶವಾಗಿತ್ತೆಂದು ರಾಷ್ಟ್ರೀಯ ತನಿಖಾ ದಳ 2023ರ ಜನವರಿಯಲ್ಲಿ 20 ಮಂದಿಯ ವಿರುದ್ಧ ಸಲ್ಲಿಸಿದ ಆರೋಪಪಟ್ಟಿಯಲ್ಲಿ ವಾದಿಸಿತು. ಅದಕ್ಕೂ ಕೆಲವು ದಿನ ಹಿಂದೆ ಮತ್ತು ಎರಡು ದಿನ ಮುಂದೆ ಅದೇ ಜಿಲ್ಲೆಯಲ್ಲಿ ಇನ್ನೊಂದು ಸಮುದಾಯದ ಇಬ್ಬರು ಯುವಕರು ಹತರಾದರು. ಕಲಬುರ್ಗಿ, ಗೌರಿ ಪ್ರಕರಣಗಳಲ್ಲಿ ಮೂರನೆಯ ಸ್ಥಾನವನ್ನು ತುಂಬುವುದು 'ಆಡಿದ ಮಾತಿಗಾಗಿ'. ಇಂಥ ಪ್ರಕರಣಗಳಲ್ಲಿ ಕೇಳಬೇಕಾದದ್ದು 'ಹೊತ್ತ ಗುರುತಿಗಾಗಿಯೇ' ಎಂದು. ಎರಡೂ ರಾಜಕೀಯವೇ. ಆದರೆ ಒಂದರ ಕೇಳುಗರು ಮಾತಾಡುವವರು. ಇನ್ನೊಂದರ ಕೇಳುಗರು ಆ ಗುರುತು ಹೊತ್ತ ಎಲ್ಲರೂ. ಒಂದೇ ಸಮಾಸದಲ್ಲಿ ಇವನ್ನು ಕಟ್ಟಿದರೆ ಎರಡೂ ಸಾವುಗಳಿಗೆ ಅನ್ಯಾಯ.

ಗೌರಿಯವರ ಪರವಾಗಿ ಮಾತಾಡಿದ ನಮ್ಮಂಥವರ ತಪ್ಪನ್ನೂ ಇಲ್ಲಿ ಹೇಳಬೇಕು. ಸೆಪ್ಟೆಂಬರ್ 5ರ ರಾತ್ರಿಯೇ ನಮ್ಮಲ್ಲಿ ಹಲವರು ನಾಲ್ಕೂ ಸ್ಥಾನಗಳನ್ನು ತುಂಬಿಬಿಟ್ಟೆವು. ಆಗ ನಮ್ಮ ಬಳಿ ಇದ್ದದ್ದು ಹೋಲಿಕೆ ಮಾತ್ರ: 2013ರ ಆಗಸ್ಟ್‌ನಲ್ಲಿ ಪುಣೆಯ ನರೇಂದ್ರ ದಾಭೋಲ್ಕರ್, 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದ ಗೋವಿಂದ ಪಾನ್ಸರೆ, ಅದೇ ಆಗಸ್ಟ್‌ನಲ್ಲಿ ಕಲಬುರ್ಗಿ. ಹೋಲಿಕೆ ಬಲವಾಗಿತ್ತು, ಬಹುಶಃ ಎಂಬ ಪದಕ್ಕೆ ಸಾಕಾಗುವಷ್ಟು ಬಲವಾಗಿತ್ತು. ಆ ಪದವನ್ನು ನಾವು ಬಳಸಲಿಲ್ಲ. ಮುಂದೆ ತನಿಖೆ ಅದೇ ದಿಕ್ಕಿಗೆ ಸಾಗಿತೆಂಬುದು ಆ ರಾತ್ರಿಯ ಖಚಿತತೆಯನ್ನು ಹಿಂದಿನಿಂದ ಸಮರ್ಥಿಸುವುದಿಲ್ಲ. ದಾಭೋಲ್ಕರ್ ಪ್ರಕರಣದಲ್ಲಿ 2024ರ ಮೇ 10ರಂದು ಪುಣೆಯ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ ಮೂವರನ್ನು ಖುಲಾಸೆಗೊಳಿಸಿತು. ಹೇತುವಿನ ಬಗ್ಗೆ ಲೋಕಕ್ಕಿರುವ ಖಚಿತತೆಗೂ ನ್ಯಾಯಾಲಯ ಕೇಳುವ ಪುರಾವೆಗೂ ನಡುವಿನ ದೂರ ಎಷ್ಟೆಂಬುದನ್ನು ಆ ತೀರ್ಪು ತೋರಿಸುತ್ತದೆ.

6. ಎರಡು ಆಕ್ಷೇಪಗಳು

ಒಂದು: ಕಾನೂನಿಗೆ ಬೇಕಾದದ್ದು ಕೊಲ್ಲುವ ಉದ್ದೇಶ, ಅದರ ಹಿಂದಿನ ಹೇತು ಏನಾದರೇನು? ಹೇತುವಿಲ್ಲದೆಯೂ ಕೊಲೆ ಕೊಲೆಯೇ ಎಂಬುದು ನಿಜ. ಆದರೆ ಮುಂದಿನ ಅಪಾಯ ಯಾರಿಗೆ ಎಂಬುದನ್ನು ಹೇಳುವುದು ಹೇತು ಮಾತ್ರ. ವೈಯಕ್ತಿಕ ಹಗೆಯಾಗಿದ್ದರೆ ಅಪಾಯ ಅಲ್ಲಿಗೇ ಮುಗಿಯಿತು. ಮಾತಿಗಾಗಿ ಕೊಂದಿದ್ದರೆ ಪಟ್ಟಿಯಲ್ಲಿ ಇನ್ನೊಬ್ಬರಿದ್ದಾರೆ. ಗೌರಿ ಪ್ರಕರಣದ ತನಿಖೆಯ ಕಾಲದಲ್ಲಿಯೇ ಕೆ. ಎಸ್. ಭಗವಾನ್ ಅವರನ್ನು ಕೊಲ್ಲುವ ಸಂಚಿನ ಆರೋಪವೂ ಬೆಳಕಿಗೆ ಬಂತೆಂಬುದನ್ನು ಮರೆಯಬಾರದು.

ಎರಡು: ವೈಯಕ್ತಿಕ ಮತ್ತು ರಾಜಕೀಯ ಹೇತುಗಳನ್ನು ಬೇರ್ಪಡಿಸಲು ಸಾಧ್ಯವೇ? ಈ ಆಕ್ಷೇಪಕ್ಕೆ ತೂಕವಿದೆ. ನಮ್ಮ ಚಿತ್ರದುರ್ಗದ ಇತಿಹಾಸವೇ ಅದಕ್ಕೆ ಸಾಕ್ಷಿ. 17ನೆಯ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣನ ಸಂಚಿಗೆ ಲಿಂಗಣ್ಣ ನಾಯಕ ಬಲಿಯಾದ ಪ್ರಸಂಗವನ್ನು ತ. ರಾ. ಸುಬ್ಬರಾಯರು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಕಾದಂಬರಿಗಳಲ್ಲಿ ಕಟ್ಟಿಕೊಟ್ಟಿದ್ದಾರೆ. ಅಲ್ಲಿ ಅಧಿಕಾರದಾಸೆಯೂ ವೈಯಕ್ತಿಕ ಸೇಡೂ ಹೆಣೆದುಕೊಂಡೇ ಬರುತ್ತವೆ. ಇದು ವೈಯಕ್ತಿಕವೋ ರಾಜಕೀಯವೋ ಎಂದು ದುರ್ಗದ ಓದುಗ ಯಾರೂ ಕೇಳುವುದಿಲ್ಲ. ಹೇತುಗಳು ಒಂದನ್ನೊಂದು ಹೊರಗಿಡಬೇಕಿಲ್ಲ. ಆದರೆ 'ವೈಯಕ್ತಿಕ' ಎಂಬ ಪದಕ್ಕೆ ಒಂದು ಕನಿಷ್ಠ ಷರತ್ತಿದೆ: ಕೊಂದವನಿಗೂ ಸತ್ತವರಿಗೂ ನಡುವೆ ಪರಿಚಯದ, ಕೊಡುಕೊಳ್ಳುವಿಕೆಯ, ಹಗೆಯ ಯಾವುದಾದರೊಂದು ಎಳೆ ಇರಬೇಕು. ಎಳೆಯೇ ಇಲ್ಲದಲ್ಲಿ ಆ ಪದ ವಿವರಣೆಯಾಗಲಾರದು.

7. ಉಪಸಂಹಾರ

ಕೊಲೆಯ ಹೇತುವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆ ನಿರ್ಣಯ ಬರುವವರೆಗೆ ಸಮಾಜ ಬಾಯಿ ಮುಚ್ಚಿಕೊಂಡಿರಲಾರದು, ಇರಬೇಕಾಗಿಯೂ ಇಲ್ಲ. ನಡುವಿನ ಆ ವರ್ಷಗಳಲ್ಲಿ ಹೇಗೆ ಮಾತಾಡಬೇಕು ಎಂಬುದೇ ಪ್ರಶ್ನೆ. ಕನ್ನಡದಲ್ಲಿ ಅದಕ್ಕೆ ಬೇಕಾದ ಸಲಕರಣೆಗಳೆಲ್ಲ ಇವೆ: ಕೇಳಿದ್ದಕ್ಕೆ 'ಅಂತೆ', ಉದ್ಧರಿಸಿದ್ದಕ್ಕೆ 'ಎಂದು', ಕಾರಣಕ್ಕೆ '-ಇಂದ', ಉದ್ದೇಶಕ್ಕೆ '-ಕ್ಕಾಗಿ', ಕೊಂದವರಿಗೆ ಕರ್ತೃಸ್ಥಾನ. ಪತ್ರಿಕೆ, ವೇದಿಕೆ, ತರಗತಿ ಮೂರೂ ಕಡೆ ಇವುಗಳನ್ನು 'ಹಿನ್ನೆಲೆಯಲ್ಲಿ' ಎಂಬ ಒಂದೇ ಪದಕ್ಕೆ ಬಿಟ್ಟುಕೊಟ್ಟಿದ್ದೇವೆ. ಉದ್ಧರಣೆಯ ಗುರುತು ಕಳಚಿದ ಮಾತಿನ ಬೆಲೆಯನ್ನು ಕನ್ನಡದ ವಿದ್ವಾಂಸರೊಬ್ಬರು ತೆತ್ತಿದ್ದಾರೆಂದು ಒಂದು ಆರೋಪಪಟ್ಟಿ ಹೇಳುತ್ತಿರುವಾಗ, ಆ ಗುರುತುಗಳನ್ನು ಕಾಯುವ ಕೆಲಸವನ್ನು ನಮ್ಮ ಶಾಸ್ತ್ರ ಇನ್ನೊಬ್ಬರಿಗೆ ಬಿಡಲಾಗದು.